ನರಿಯ ಜಮೆ, ಹಂದಿಯ ಖರ್ಚು

2016ರ ಆಗಸ್ಟ್ ತಿಂಗಳಿನಲ್ಲಿ ಅಮೆರಿಕದ ಸರ್ಕಾರವು ಪ್ರಾಣಿಪ್ರಿಯರೆಲ್ಲರೂ ಹರ್ಷಿಸುವಂತಹ ಒಂದು ವಾರ್ತೆಯನ್ನು ಪ್ರಕಟಿಸಿತು. ಕ್ಯಾಲಿಫೋರ್ನಿಯಾದ ದಕ್ಷಿಣ ಕರಾವಳಿಯಾಚೆ ಇರುವ ಸಾನ್ ಮಿಗೆಲ್, ಸಾಂತಾ ರೋಸಾ, ಸಾಂತಾ ಕ್ರೂಜ್ ಎಂಬ ಮೂರು ದ್ವೀಪಗಳ ನರಿಗಳು ವಿನಾಶದಂಚಿನ ಜೀವಿಗಳ ಪಟ್ಟಿಯಿಂದ ಹೊರಬಂದಿವೆ ಎಂಬುದೇ ಆ ವಾರ್ತೆ. 2004ರಲ್ಲಿ ಪಟ್ಟಿಗೆ ಸೇರಿದ ಪ್ರಾಣಿ ಹನ್ನೆರಡೇ ವರ್ಷಗಳಲ್ಲಿ ಚೇತರಿಸಿಕೊಂಡಿತು. ಆ ದೇಶದ 1973ರ ಕಾಯಿದೆಯ ಆಶ್ರಯ ಪಡೆದ ಸಸ್ತನಿಗಳಲ್ಲಿ ಇಷ್ಟು ಶೀಘ್ರವಾಗಿ ಉದ್ಧಾರವಾದದ್ದು ಇನ್ನೊಂದಿರಲಿಲ್ಲ. ಸಾನ್ ಮಿಗೆಲ್ ಮತ್ತು ಸಾಂತಾ ರೋಸಾ ದ್ವೀಪಗಳಲ್ಲಿ ತಲಾ ಹದಿನೈದಕ್ಕೆ ಇಳಿದಿದ್ದ ನರಿಗಳ ಸಂಖ್ಯೆ ಕ್ರಮವಾಗಿ 700 ಮತ್ತು 1,200ರಷ್ಟಾಗಿತ್ತು. ಸಾಂತಾ ಕ್ರೂಜ್‌ನಲ್ಲಿ ಐವತ್ತೈದರಷ್ಟಿದ್ದವು 2,100ಕ್ಕೆ ಏರಿದ್ದವು. ಜೀವದಯೆಯನ್ನು ಧರ್ಮದ ಮೂಲವೆಂದು ತಿಳಿದವರಿಗೆ ಇದಕ್ಕಿಂತ ಪ್ರಿಯವಾದ ಅಂಕಿಗಳು ಯಾವುವು? ಆದರೆ ಜಮೆಯ ಪುಟವೊಂದನ್ನೇ ಓದಿ ಖಾತೆಯನ್ನು ಮೆಚ್ಚುವುದು ವ್ಯವಹಾರಜ್ಞರ ರೀತಿಯಲ್ಲ. ಖರ್ಚಿನ ಪುಟವನ್ನೂ ತಿರುವಿ ನೋಡಬೇಕಾಗುತ್ತದೆ.

ಕನ್ನಡದಲ್ಲಿ ನರಿ ಎಂದರೆ ಊರಂಚಿನಲ್ಲಿ ಊಳಿಡುವ ಪ್ರಾಣಿಯೇ ಮೊದಲು ನೆನಪಾಗುತ್ತದೆ. ದ್ವೀಪನರಿ ಅದಲ್ಲ. ಸಾಕುಬೆಕ್ಕಿನಷ್ಟು ಗಾತ್ರ, ಒಂದರಿಂದ ಎರಡೂವರೆ ಕಿಲೋಗ್ರಾಂ ತೂಕ, ಬೂದು ಬೆನ್ನು, ಕೆಂಗಂದು ಪಕ್ಕೆ. ಇಲಿ, ಮಿಡತೆ, ಏಡಿಗಳನ್ನು ಹಿಡಿದು, ಪೊದೆಯ ಹಣ್ಣುಗಳನ್ನೂ ತಿಂದು ಬದುಕುವ ಪ್ರಾಣಿ. ತನ್ನನ್ನು ಬೇಟೆಯಾಡುವ ದೊಡ್ಡ ಪ್ರಾಣಿ ದ್ವೀಪದಲ್ಲಿ ಇಲ್ಲದ ಕಾರಣ ಹಗಲಿನಲ್ಲಿಯೂ ನಿರ್ಭಯವಾಗಿ ಬಯಲಿನಲ್ಲಿ ಸಂಚರಿಸುವುದು ಅದರ ಸ್ವಭಾವವಾಯಿತು. ಎಂಟು ದ್ವೀಪಗಳ ಆ ಸಮೂಹದಲ್ಲಿ ಆರರಲ್ಲಿ ಅದು ನೆಲೆಸಿದೆ. ದ್ವೀಪಕ್ಕೊಂದರಂತೆ ಆರು ಉಪಪ್ರಭೇದಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಅಮೆರಿಕದ ಮುಖ್ಯಭೂಮಿಯ ಬೂದು ನರಿಯೇ ಇದರ ಪೂರ್ವಜ.

ಈ ಪುಟ್ಟ ಪ್ರಾಣಿಯನ್ನು ಕುರಿತು ಬೆಳೆದಿರುವ ವಿಜ್ಞಾನಸಾಹಿತ್ಯ ಸಣ್ಣದೇನಲ್ಲ. ಅದರಲ್ಲಿ ನಾಲ್ಕು ಪ್ರಬಂಧಗಳು ಇಲ್ಲಿ ವಿಮರ್ಶೆಗೆ ಯೋಗ್ಯವಾಗಿವೆ. ಗ್ಯಾರಿ ರೋಮರ್, ಜೋಶ್ ಡಾನ್ಲನ್, ಫ್ರಾಂಕ್ ಕುರ್ಶಾಂ ಎಂಬ ಮೂವರು 2002ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಮೊದಲನೆಯದು. ಕುರ್ಶಾಂ, ರೋಸಿ ವುಡ್ರೋಫ್ ಮತ್ತು ರೋಮರ್ 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದು ಎರಡನೆಯದು. ಉಳಿದೆರಡು, ಜಾಕ್ವೆಲಿನ್ ರಾಬಿನ್ಸನ್ ಹಾಗೂ ರಾಬರ್ಟ್ ವೇಯ್ನ್ ಮೊದಲಾದವರು ‘ಕರೆಂಟ್ ಬಯಾಲಜಿ’ಯಲ್ಲಿ 2016 ಮತ್ತು 2018ರಲ್ಲಿ ಪ್ರಕಟಿಸಿದ ತಳಿವಿಜ್ಞಾನದ ಅಧ್ಯಯನಗಳು. ಮೊದಲೆರಡು ಯಾರನ್ನು ದ್ವೀಪದಿಂದ ತೆಗೆಯಬೇಕೆಂದು ಹೇಳಿದವು. ಕೊನೆಯೆರಡು ಉಳಿದವರ ವಂಶದಲ್ಲಿ ಏನಿದೆಯೆಂದು ಹೇಳಿದವು. ಈ ಎರಡು ಮಾತುಗಳ ನಡುವೆ ಒಂದು ಮೆಟ್ಟಿಲು ಇಲ್ಲವಾಗಿದೆ. ಅದನ್ನು ತೋರಿಸುವುದಷ್ಟೇ ಇಲ್ಲಿಯ ಉದ್ದೇಶ.

ಮೊದಲು ಅನರ್ಥದ ಕಥೆ. 1994ರಲ್ಲಿ ಸಾನ್ ಮಿಗೆಲ್ ದ್ವೀಪದಲ್ಲಿ ಸುಮಾರು 450 ವಯಸ್ಕ ನರಿಗಳಿದ್ದವು. 1999ರಲ್ಲಿ ಉಳಿದವು ಹದಿನೈದು. ಪಕ್ಕದ ಎರಡು ದ್ವೀಪಗಳಲ್ಲಿಯೂ ಇದೇ ಗತಿ. ಕೊಂದದ್ದು ಸುವರ್ಣ ಗರುಡ. ಆದರೆ ಈ ಪಕ್ಷಿ ಆ ದ್ವೀಪಗಳಲ್ಲಿ ಹಿಂದೆಂದೂ ಗೂಡು ಕಟ್ಟಿ ನೆಲೆಸಿದ್ದಲ್ಲ. ಮೊದಲು ಅಲ್ಲಿ ಇದ್ದದ್ದು ಬಿಳಿತಲೆಯ ಗರುಡ. ಅದು ಮುಖ್ಯವಾಗಿ ಮೀನು ತಿನ್ನುವ ಪಕ್ಷಿ, ತನ್ನ ಸೀಮೆಯೊಳಗೆ ಬೇರೆ ಗರುಡವನ್ನು ಸೇರಿಸುವುದಿಲ್ಲ. ಲಾಸ್ ಏಂಜಲಿಸ್ ಪರಿಸರದ ಕಾರ್ಖಾನೆಯಿಂದ ಚರಂಡಿಯ ಮೂಲಕ ಸಮುದ್ರ ಸೇರಿದ ಡಿಡಿಟಿ ವಿಷವು ಮೀನಿನಲ್ಲಿ ಸಂಗ್ರಹವಾಗಿ, ಮೀನಿನಿಂದ ಪಕ್ಷಿಗೆ ಬಂದು, ಮೊಟ್ಟೆಯ ಕವಚವನ್ನು ಕಾವು ಕೊಡಲಾಗದಷ್ಟು ತೆಳುವಾಗಿಸಿತು. ಬೇಟೆಗಾರರ ಗುಂಡಿಗೂ ಬಲಿಯಾಗುತ್ತಿದ್ದ ಈ ಪಕ್ಷಿ 1960ರ ದಶಕದ ವೇಳೆಗೆ ದ್ವೀಪಗಳಿಂದ ನಿಶ್ಶೇಷವಾಯಿತು. ಡಿಡಿಟಿಯನ್ನು ಅಮೆರಿಕ 1972ರಲ್ಲಿ ನಿಷೇಧಿಸಿತು. ಪಕ್ಷಿ ಅದಕ್ಕೆ ಮುನ್ನವೇ ಹೋಗಿತ್ತು. ಕಾವಲುಗಾರ ಹೋದ ಮನೆಗೆ ಸುವರ್ಣ ಗರುಡ ಪ್ರವೇಶಿಸಿತು.

ಅದು ಬಂದು ನೆಲೆಸಲು ಆಹಾರ ಬೇಕಲ್ಲವೇ? ಕೆಲವೇ ನೂರು ನರಿಗಳಿಂದ ಗರುಡಗಳ ಸಂಸಾರ ನಡೆಯಲಾರದು. ರೋಮರ್ ಮತ್ತು ಸಂಗಡಿಗರ 2002ರ ಪ್ರಬಂಧದ ಹಿರಿಮೆ ಇರುವುದು ಇಲ್ಲಿ. ಸಾಂತಾ ಕ್ರೂಜ್ ದ್ವೀಪಕ್ಕೆ ಹತ್ತೊಂಬತ್ತನೆಯ ಶತಮಾನದ ನಡುವೆ ಸಾಕಲು ತಂದ ಹಂದಿಗಳು ತಪ್ಪಿಸಿಕೊಂಡು ಕಾಡುಪಾಲಾಗಿದ್ದವು. ವರ್ಷವಿಡೀ ಹುಟ್ಟುವ ಅವುಗಳ ಮರಿಗಳೇ ಗರುಡದ ನಿತ್ಯಾಹಾರವಾದವು. ಹಂದಿಮರಿಯ ಆಧಾರದ ಮೇಲೆ ಗರುಡ ನೆಲೆನಿಂತಿತು. ನೆಲೆನಿಂತ ಗರುಡ ನರಿಯನ್ನೂ ಎತ್ತಿತು. ಹಂದಿಯು ಒಂದು ನರಿಯನ್ನೂ ಮುಟ್ಟದೆ ನರಿಗಳ ನಾಶಕ್ಕೆ ನಿಮಿತ್ತವಾಯಿತು. ಹಂದಿಗಳೇ ಇಲ್ಲದ ಪಕ್ಕದ ದ್ವೀಪಗಳಿಗೂ ಗರುಡ ಹಾರಿ ಹೋಗಿ ಬೇಟೆಯಾಡಿತು ಎಂಬುದನ್ನು ಸಹ ಈ ವಿವರಣೆ ಬಿಡಿಸಿ ತೋರಿಸುತ್ತದೆ. ಕಾರಣಪರಂಪರೆಯನ್ನು ಇಷ್ಟು ಸ್ವಚ್ಛವಾಗಿ ಹಿಡಿದ ಲೇಖನಗಳು ವಿರಳ. ನಿಮಿತ್ತ ಮತ್ತು ಉಪಾದಾನಗಳ ವಿವೇಚನೆಯನ್ನು ಸ್ವಾಧ್ಯಾಯದಲ್ಲಿ ಕೇಳಿದವರು ಇದನ್ನು ಓದಿದರೆ ಪರಿಚಿತ ಭೂಮಿಯಲ್ಲಿ ನಡೆದಂತೆ ಅನಿಸೀತು.

ಇಲ್ಲಿ ವ್ಯಾಪಾರಸ್ಥ ಸಮಾಜವು ಗಮನಿಸಬೇಕಾದ ಒಂದು ಅಂಶವಿದೆ. ಈ ಸರಪಳಿಯ ಎರಡು ಮೊದಲ ಕೊಂಡಿಗಳೂ ವ್ಯಾಪಾರದವೇ. ಒಂದು, ಲಾಭಕ್ಕಾಗಿ ನಡೆದ ಪಶುಪಾಲನೆ. ಇನ್ನೊಂದು, ಲಾಭಕ್ಕಾಗಿ ನಡೆದ ಕೀಟನಾಶಕದ ತಯಾರಿಕೆ. ಹಂದಿ ತಂದವನು ನರಿಯ ಕೇಡು ಬಯಸಿರಲಿಲ್ಲ, ಡಿಡಿಟಿ ತಯಾರಿಸಿದವನಿಗೆ ಗರುಡದ ಮೇಲೆ ಹಗೆ ಇರಲಿಲ್ಲ. ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿದ ಶಾಸ್ತ್ರಕಾರರು ಉದ್ಯೋಗಿ ಹಿಂಸೆಯನ್ನು ಗೃಹಸ್ಥನಿಗೆ ಪೂರ್ಣವಾಗಿ ತಪ್ಪಿಸಲಾಗದ್ದೆಂದು ಒಪ್ಪಿದರು. ಲೆಕ್ಕದಿಂದ ಬಿಟ್ಟುಬಿಡಲು ಹೇಳಲಿಲ್ಲ. ನೂರೈವತ್ತು ವರ್ಷಗಳ ಹಿಂದಿನ ಪಶುಪಾಲಕನ ಆಯವ್ಯಯ ಪತ್ರಿಕೆಯಲ್ಲಿ ಕಾಣದ ಈ ಬಾಬತ್ತು ಕೊನೆಗೆ ಯಾರ ಹೆಸರಿಗೆ ಖರ್ಚು ಬಿತ್ತು ಎಂಬುದೇ ಮುಂದಿನ ಕಥೆ.

ಉದ್ಧಾರದ ಕೆಲಸ 1999ರಲ್ಲಿ ಆರಂಭವಾಯಿತು. ಉಳಿದ ನರಿಗಳನ್ನು ಹಿಡಿದು ಆಯಾ ದ್ವೀಪದಲ್ಲಿಯೇ ಬೇಲಿಯೊಳಗೆ ಇಟ್ಟು ಸಂತಾನವೃದ್ಧಿ ಮಾಡಿಸಿದರು. ಯಾವ ಗಂಡಿಗೆ ಯಾವ ಹೆಣ್ಣು ಎಂಬುದನ್ನು ರಕ್ತಸಂಬಂಧದ ದಾಖಲೆ ನೋಡಿ ನಿರ್ಧರಿಸಲಾಯಿತು. 44 ಸುವರ್ಣ ಗರುಡಗಳನ್ನು ಬಲೆ ಹಾಕಿ ಜೀವಂತ ಹಿಡಿದು ಉತ್ತರ ಕ್ಯಾಲಿಫೋರ್ನಿಯಾಕ್ಕೆ ಕೊಂಡೊಯ್ದು ಬಿಟ್ಟರು. 2002ರಿಂದ ಬಿಳಿತಲೆಯ ಗರುಡದ ಮರಿಗಳನ್ನು ತಂದು ದ್ವೀಪದಲ್ಲಿ ಬೆಳೆಸಿ ಹಾರಿಸಿದರು. ಇಷ್ಟರವರೆಗೆ ಯಾವ ಶ್ರಾವಕನೂ ತಲೆಬಾಗಿ ವಂದಿಸುವಂತಹ ಕಾರ್ಯ. ಅನಂತರ ಹಂದಿಗಳ ಸರದಿ ಬಂತು. ಸಾಂತಾ ಕ್ರೂಜ್ ದ್ವೀಪವನ್ನು ಬೇಲಿಗಳಿಂದ ಐದು ವಲಯಗಳಾಗಿ ವಿಂಗಡಿಸಿ, ನ್ಯೂಜಿಲೆಂಡಿನಿಂದ ಕರೆಸಿದ ವೃತ್ತಿಪರ ಬೇಟೆಗಾರರು 2005 ಮತ್ತು 2006ರಲ್ಲಿ ಬೋನು, ನಾಯಿ, ಹೆಲಿಕಾಪ್ಟರುಗಳ ಸಹಾಯದಿಂದ 5,036 ಹಂದಿಗಳನ್ನು ಕೊಂದರು. ಕೊನೆಯ ಹಂತದಲ್ಲಿ ಕೆಲವು ಹಂದಿಗಳ ಕೊರಳಿಗೆ ರೇಡಿಯೋ ಕಟ್ಟಿ ಬಿಡುತ್ತಿದ್ದರು. ಹಂದಿ ಒಂಟಿಯಾಗಿರಲಾರದ ಪ್ರಾಣಿ. ಅದು ತನ್ನ ಬಳಗವನ್ನು ಹುಡುಕಿಕೊಂಡು ಹೋಗುತ್ತಿತ್ತು, ಹಿಂಬಾಲಿಸಿದವರು ಆ ಬಳಗಕ್ಕೆ ಗುಂಡಿಕ್ಕುತ್ತಿದ್ದರು.

ಈ ವಿವರವನ್ನು ಓದಿ ಮುಂದಕ್ಕೆ ಸಾಗುವುದು ಸುಲಭವಲ್ಲ. 2005ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದವರೂ ಅಲ್ಲಿದ್ದರು; ತಡೆಯಾಜ್ಞೆ ದೊರೆಯಲಿಲ್ಲ.

ಕೊಂದವರ ಪಕ್ಷದ ವಾದವನ್ನು ಅದರ ಪೂರ್ಣಬಲದಲ್ಲಿಯೇ ಎತ್ತಿಕೊಳ್ಳಬೇಕು. ಅರ್ಧ ಕೇಳಿ ತೀರ್ಪು ಕೊಡುವುದು ಅನೇಕಾಂತಕ್ಕೆ ಒಪ್ಪುವ ಕ್ರಮವಲ್ಲ. ಹಂದಿಗಳು ಇರುವವರೆಗೆ ಗರುಡ ಮತ್ತೆ ಮತ್ತೆ ಬರುವ ಸಂಭವವಿತ್ತು. ಹಂದಿಗಳು ನೆಲವನ್ನು ಅಗೆದು, ಜಗತ್ತಿನಲ್ಲಿ ಬೇರೆಲ್ಲಿಯೂ ಬೆಳೆಯದ ಸಸ್ಯಗಳನ್ನೂ, ಚುಮಾಶ್ ಎಂಬ ಮೂಲನಿವಾಸಿ ಜನರ ಪ್ರಾಚೀನ ನೆಲೆಗಳನ್ನೂ ಹಾಳುಗೆಡವುತ್ತಿದ್ದವು. ಜೀವಂತ ಸಾಗಿಸಿದರೆ ಮುಖ್ಯಭೂಮಿಗೆ ರೋಗ ಹರಡುವ ಭಯವಿತ್ತು. ಗುಡ್ಡಗಾಡಿನಲ್ಲಿ ಚದುರಿದ ಸಾವಿರಾರು ಹಂದಿಗಳಿಗೆ ಗರ್ಭನಿರೋಧ ಮಾಡುವ ಉಪಾಯ ಕೈಗೆಟುಕುವಂತಿರಲಿಲ್ಲ. ಹಂದಿಕುಲ ಭೂಮಂಡಲದ ತುಂಬ ಇದೆ. ದ್ವೀಪನರಿ ಹೋದರೆ ಹೋಯಿತು, ಮತ್ತೆ ಹುಟ್ಟಲಾರದು. ಈ ಕಡೆಯ ಮಾತು ಎಲ್ಲಕ್ಕಿಂತ ಪ್ರಬಲವಾದದ್ದು. ಇದಕ್ಕೆ ಉತ್ತರವಿಲ್ಲವೆಂದು ಹಲವರು ಭಾವಿಸುತ್ತಾರೆ.

ಆದರೆ 2003ರ ಪ್ರಬಂಧವನ್ನು ಇದರ ಪಕ್ಕದಲ್ಲಿಟ್ಟು ಓದಿದಾಗ ಒಂದು ವೈಷಮ್ಯ ಎದ್ದು ಕಾಣುತ್ತದೆ. ಕುರ್ಶಾಂ ಮತ್ತು ಸಂಗಡಿಗರು ಅಲ್ಲಿ ಹೇಳಿದ್ದು ಹೀಗೆ: ಹಂದಿಗಳನ್ನು ಮಾತ್ರ ತೆಗೆದರೆ ಹಸಿದ ಗರುಡಗಳು ಉಳಿದ ನರಿಗಳ ಮೇಲೆಯೇ ಬೀಳುತ್ತವೆ, ಆದುದರಿಂದ ಗರುಡಗಳನ್ನು ಸಂಪೂರ್ಣವಾಗಿ ತೆಗೆಯಲೇಬೇಕು, ಹಿಡಿಯಲಾಗದಿದ್ದಲ್ಲಿ ಕೊಂದಾದರೂ. ಕಠೋರವಾದ ಮಾತು, ಆದರೆ ಸುಸಂಗತವಾದ ಮಾತು. ಸರ್ಕಾರವು ಗರುಡವನ್ನು ಕೊಲ್ಲಲಿಲ್ಲ. ಅದು ಕಾನೂನಿನ ರಕ್ಷಣೆಯುಳ್ಳ ಪಕ್ಷಿ, ಜನರ ಗೌರವಕ್ಕೆ ಪಾತ್ರವಾದದ್ದು. ಒಂದೊಂದೇ ಗರುಡಕ್ಕಾಗಿ ತಿಂಗಳುಗಟ್ಟಲೆ ಕಾದು, ಬಲೆ ಬದಲಿಸಿ, ಗೂಡಿನಿಂದ ಮರಿಯಿಳಿಸಿ, ಕೊನೆಯದನ್ನು ಹಿಡಿಯುವವರೆಗೆ ವರ್ಷಗಳ ಕಾಲ ತಾಳ್ಮೆ ತೋರಿದರು. ನರಿಗಳನ್ನು ಕೊಂದದ್ದಕ್ಕೆ ಪ್ರಯಾಣದ ಏರ್ಪಾಡಾಯಿತು. ಒಂದು ನರಿಯನ್ನೂ ಕೊಲ್ಲದೆ, ತಾನೇ ಗರುಡದ ತುತ್ತಾಗಿದ್ದಕ್ಕೆ ಗುಂಡು ದೊರೆಯಿತು. ಇವೆರಡರ ನಡುವಿನ ಅಂತರ ನೋವಿನ ಸಂವೇದನೆಯಲ್ಲಿ ಇರಲಿಲ್ಲ, ಬುದ್ಧಿಯಲ್ಲಿ ಇರಲಿಲ್ಲ, ಅಪರಾಧದಲ್ಲಂತೂ ಇರಲಿಲ್ಲ. ಒಂದರ ಹೆಸರು ಪಟ್ಟಿಯಲ್ಲಿತ್ತು, ಇನ್ನೊಂದರ ಹೆಸರು ಇರಲಿಲ್ಲ. ಮೂವರು ವಿದ್ವಾಂಸರ ಪ್ರಬಂಧವು ಪಟ್ಟಿಯಲ್ಲಿರುವ ಗರುಡದ ವಧೆಯನ್ನು ಕ್ಲಿಷ್ಟವಾದ ನೈತಿಕ ಸಮಸ್ಯೆಯೆಂದು ಬಗೆದು ಚರ್ಚಿಸಿತು. ಹಂದಿಯ ವಧೆ ಸಮಸ್ಯೆಯೆಂಬ ಶಬ್ದಕ್ಕೂ ಅರ್ಹವಾಗಲಿಲ್ಲ. ಪ್ರಬಂಧದ ದೊಡ್ಡ ಕೊರತೆ ಇದೇ.

ಪಟ್ಟಿಗೆ ಆಧಾರವಾವುದು? ಪ್ರಭೇದ, ಉಪಪ್ರಭೇದ, ವಂಶ. ಇಲ್ಲಿ ಸಮೂಹ ತಳಿವಿಜ್ಞಾನವು ಪ್ರವೇಶಿಸುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಉಚಿತ. ಪ್ರತಿಯೊಂದು ನರಿಯಲ್ಲಿಯೂ ತಾಯಿಯಿಂದ ಬಂದ ಒಂದು, ತಂದೆಯಿಂದ ಬಂದ ಒಂದು, ಹೀಗೆ ವಂಶಲಿಪಿಯ ಎರಡು ಪ್ರತಿಗಳಿರುತ್ತವೆ. ಒಂದೇ ರೋಜುಮೇಲನ್ನು ಇಬ್ಬರು ಗುಮಾಸ್ತರು ನಕಲು ಮಾಡಿದಂತೆ ಇವೆರಡನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿದರೆ ಅಲ್ಲಲ್ಲಿ ವ್ಯತ್ಯಾಸಗಳು ಕಾಣುತ್ತವೆ. ದೊಡ್ಡ ಸಮೂಹದಲ್ಲಿ ತಂದೆತಾಯಿಗಳು ದೂರದ ಸಂಬಂಧಿಗಳಾದುದರಿಂದ ವ್ಯತ್ಯಾಸ ಹೆಚ್ಚು. ಚಿಕ್ಕ ಸಮೂಹದಲ್ಲಿ ಎಲ್ಲರೂ ಬಂಧುಗಳೇ ಆದುದರಿಂದ ಕಡಿಮೆ. ರಾಬಿನ್ಸನ್ ಮತ್ತು ವೇಯ್ನ್ ಅವರ ತಂಡವು 2016ರಲ್ಲಿ ಆರೂ ದ್ವೀಪಗಳ ನರಿಗಳ ಸಂಪೂರ್ಣ ವಂಶಲಿಪಿಯನ್ನು ಓದಿ, ಮುಖ್ಯಭೂಮಿಯ ಬೂದು ನರಿಗಿಂತ ಅವುಗಳ ವೈವಿಧ್ಯ 3ರಿಂದ 84 ಪಟ್ಟು ಕಡಿಮೆಯೆಂದು ತೋರಿಸಿತು. 84 ಪಟ್ಟು ಕಡಿಮೆ ಇರುವುದು ಸಾನ್ ನಿಕೊಲಾಸ್ ದ್ವೀಪದ ನರಿಯಲ್ಲಿ: ಹತ್ತು ಲಕ್ಷ ಅಕ್ಷರಗಳನ್ನು ಹೋಲಿಸಿದರೆ ಸುಮಾರು 14 ವ್ಯತ್ಯಾಸಗಳು ಮಾತ್ರ. ಪರಸ್ಪರ ಸ್ವತಂತ್ರವಾಗಿ ಕೂಡುವ ಯಾವ ಕಾಡುಪ್ರಾಣಿಯಲ್ಲಿಯೂ ಅದುವರೆಗೆ ಇಷ್ಟು ಕಡಿಮೆ ವೈವಿಧ್ಯ ಕಂಡಿರಲಿಲ್ಲ. ಒಮ್ಮೆ ಆ ದ್ವೀಪದ ನರಿಗಳು ಕೈಬೆರಳೆಣಿಕೆಗೆ ಇಳಿದಿದ್ದಿರಬೇಕೆಂದು 2004ರಲ್ಲಿಯೇ ಆಗಿಲಾರ್ ಮತ್ತು ಸಂಗಡಿಗರು ಅಂದಾಜು ಮಾಡಿದ್ದರು. ವಿಸ್ಮಯವೆಂದರೆ, ರೋಗನಿರೋಧಕ್ಕೆ ಸಂಬಂಧಿಸಿದ ವಂಶವಾಹಿಗಳಲ್ಲಿ ಮಾತ್ರ ವೈವಿಧ್ಯ ಉಳಿದುಕೊಂಡಿತ್ತು.

ಆನುವಂಶಿಕ ವೈವಿಧ್ಯವು ಪ್ರಾಣಿಸಮೂಹದ ಮೂಲಧನ, ಅದು ಕರಗಿದರೆ ದಿವಾಳಿ ನಿಶ್ಚಿತ ಎಂಬುದು ಸಂರಕ್ಷಣಾಶಾಸ್ತ್ರದಲ್ಲಿ ಬಹುಕಾಲ ಚಲಾವಣೆಯಲ್ಲಿದ್ದ ಮಾತು. ಆ ಲೆಕ್ಕದಲ್ಲಿ ಸಾನ್ ನಿಕೊಲಾಸ್ ನರಿ ಎಂದೋ ಅಳಿಯಬೇಕಿತ್ತು. ಅಳಿಯಲಿಲ್ಲ. ಅಷ್ಟೇ ಅಲ್ಲ, 1990ರ ದಶಕದ ಅನರ್ಥದಲ್ಲಿ ಅದಕ್ಕೆ ಪೆಟ್ಟೇ ಬೀಳಲಿಲ್ಲ. 2018ರ ಪ್ರಬಂಧ ಇದಕ್ಕೆ ವಿವರಣೆ ನೀಡಿತು. ದೀರ್ಘಕಾಲ ಚಿಕ್ಕದಾಗಿಯೇ ಉಳಿದ ಸಮೂಹದಲ್ಲಿ ಮಾರಕವಾದ ದೋಷಗಳು ಅಡಗಿ ಕುಳಿತುಕೊಳ್ಳಲು ಮರೆ ಇರುವುದಿಲ್ಲ. ಬಂಧುಗಳ ಕೂಟದಿಂದ ಅವು ಪ್ರಕಟವಾಗಿ, ತಲೆಮಾರು ಕಳೆದಂತೆ ಸೋಸಿಹೋಗುತ್ತವೆ. ಅಲ್ಪದೋಷಗಳು ಉಳಿಯುತ್ತವೆ, ಘೋರದೋಷಗಳು ಕಳೆಯುತ್ತವೆ. ಕರ್ಮನಿರ್ಜರೆಯ ಪಾಠವನ್ನು ಇದಕ್ಕೆ ಜೋಡಿಸುವ ಆಸೆ ಕೆಲವರಿಗೆ ಆದೀತು. ಜೋಡಿಸದಿರುವುದೇ ಒಳಿತು, ಎರಡೂ ಬೇರೆ ಬೇರೆ ಶಾಸ್ತ್ರಗಳು. ಎಲ್ಲ ಚಿಕ್ಕ ಸಮೂಹಗಳಿಗೂ ಈ ಭಾಗ್ಯವಿಲ್ಲ. ಸ್ವೀಡನ್ನಿನ ಬೆಟ್ಟಗಳ ಹಿಮನರಿಗಳು ತುಪ್ಪಳದ ವ್ಯಾಪಾರದಿಂದ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಬಹುತೇಕ ನಾಶವಾಗಿ, ಉಳಿದವು ಒಳಸಂಬಂಧದ ದೋಷದಿಂದ ಸೊರಗಿದ್ದವು; ನಾರ್ವೆಯ ಸಂತಾನಕೇಂದ್ರದಿಂದ ಬಿಟ್ಟ ಮೂರು ಗಂಡುಗಳು ಬಂದು ಸೇರಿದ ಮೇಲೆ ಅವುಗಳ ಸಂತತಿಯ ಬಲ ಹೆಚ್ಚಿತೆಂದು 2018ರ ಅಧ್ಯಯನವೊಂದು ದಾಖಲಿಸಿತು. ಅಲ್ಲಿಯೂ ಹಿಮನರಿಯ ರಕ್ಷಣೆಗಾಗಿ ಕೆಂಪು ನರಿಯನ್ನು ಕೊಲ್ಲಲಾಗುತ್ತಿತ್ತು ಎಂಬುದನ್ನು ಇಲ್ಲಿ ಸುಮ್ಮನೆ ಗುರುತು ಹಾಕಿಕೊಳ್ಳಬಹುದು.

ಹೀಗೆ ಈ ವಿದ್ಯೆಯು ನರಿಯ ವಂಶವನ್ನು ಕುರಿತು ಬಹಳ ಹೇಳುತ್ತದೆ. ಆದರೆ ನರಿಯನ್ನು ಕೊಂದದ್ದು ವಂಶಲಿಪಿಯ ಬಡತನವಲ್ಲ, ಗರುಡದ ಉಗುರು. ಕ್ಯಾಟಲಿನಾ ದ್ವೀಪದಲ್ಲಿ ನಾಯಿಗಳಿಗೆ ತಗಲುವ ಡಿಸ್ಟೆಂಪರ್ ರೋಗ. ಅಪಾಯವು ಹೊರಗಿನಿಂದ ಬಂತು, ಮನುಷ್ಯನ ಕೈದಾರಿಯಲ್ಲಿಯೇ ಬಂತು. ಇನ್ನೂ ಒಂದು ವಿಷಯ. ದ್ವೀಪನರಿಯು ಹಿಂದೆ ತಿಳಿದಿದ್ದಷ್ಟು ಪ್ರಾಚೀನವಲ್ಲವೆಂದೂ, ಅದು ದ್ವೀಪ ಸೇರಿದ್ದು ಏಳರಿಂದ ಒಂಬತ್ತು ಸಾವಿರ ವರ್ಷಗಳ ಹಿಂದೆ ಇರಬಹುದೆಂದೂ 2015ರ ಒಂದು ಅಧ್ಯಯನ ವಾದಿಸಿತು. ಆಗ ಅಲ್ಲಿ ಮನುಷ್ಯರು ಆಗಲೇ ನೆಲೆಸಿದ್ದರು. ದಕ್ಷಿಣದ ದ್ವೀಪಗಳಿಗೆ ನರಿಯನ್ನು ದೋಣಿಯಲ್ಲಿ ಒಯ್ದವರು ಮೂಲನಿವಾಸಿಗಳೇ ಎಂಬುದನ್ನು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಉತ್ತರದ ದ್ವೀಪಗಳಿಗೂ ಅವರೇ ಒಯ್ದಿರಬಹುದೆಂಬ ಪಕ್ಷವೂ ಇದೆ. ಹಾಗಾದರೆ ದೋಣಿಯಲ್ಲಿ ಬಂದ ನರಿ ಸ್ವದೇಶಿ, ಹಡಗಿನಲ್ಲಿ ಬಂದ ಹಂದಿ ಪರದೇಶಿ. ಇವುಗಳ ನಡುವೆ ಇರುವುದು ಕಾಲದ ಅಂತರ. ಕಾಲ ದೊಡ್ಡದೇ, ಅದರಿಂದ ಹೊಸ ರೂಪ, ಹೊಸ ಸ್ವಭಾವ ಮೂಡಿದ್ದೂ ನಿಜ. ಆದರೆ ಹಂದಿಮರಿಗೆ ತನ್ನ ಮುತ್ತಜ್ಜನ ಊರು ಯಾವುದೆಂಬುದು ತಿಳಿದಿರುವುದಿಲ್ಲ. ಹುಟ್ಟಿದ ಜಾಗವೇ ಅದರ ದೇಶ.

ಸಾಂತಾ ರೋಸಾದಲ್ಲಿ ಹದಿನೈದೇ ನರಿಗಳು ಉಳಿದಾಗಲೂ ಪಕ್ಕದ ದ್ವೀಪದ ನರಿಯನ್ನು ತಂದು ಕೂಡಿಸಲಿಲ್ಲ. ಆರು ವಂಶಗಳನ್ನೂ ಬೇರೆ ಬೇರೆಯಾಗಿಯೇ ಕಾಪಾಡಿದರು. ಇದಕ್ಕೆ ವೈಜ್ಞಾನಿಕ ಕಾರಣಗಳಿವೆ, ಅವು ಹಗುರವಾದವಲ್ಲ. ಆದರೂ ಅಷ್ಟಮದಗಳಲ್ಲಿ ಕುಲಮದ ಜಾತಿಮದಗಳನ್ನು ಎಣಿಸಿದ ಪರಂಪರೆಯಲ್ಲಿ ಬೆಳೆದವರು, ಒಂದು ಜೀವದ ಬೆಲೆಯನ್ನು ಅದರ ವಂಶಾವಳಿಯ ಅಪರೂಪತೆಯಿಂದ ಅಳೆಯುವುದನ್ನು ಕಂಡಾಗ ಒಂದು ಕ್ಷಣ ನಿಲ್ಲದೆ ಇರಲಾರರು. ಅಪರೂಪವೆಂಬುದು ಎಣಿಸುವವನ ಜ್ಞಾನದಲ್ಲಿರುವ ಗುಣ, ಪ್ರಾಣಿಯ ಅನುಭವದಲ್ಲಿರುವುದಲ್ಲ. ಸುಖದುಃಖದ ವೇದನೆ ಇರುವುದು ಜೀವಕ್ಕೆ, ಪ್ರಭೇದಕ್ಕಲ್ಲ. ಎರಡೂ ಪ್ರಾಣಿಗಳು ಸಂಜ್ಞಿ ಪಂಚೇಂದ್ರಿಯಗಳೇ.

ಬಹುಜೀವಗಳ ರಕ್ಷಣೆಯ ನೆಪದಲ್ಲಿ ಒಂದು ಜೀವದ ವಧೆಯನ್ನು ಸಮರ್ಥಿಸುವ ವಾದ ಹೊಸದೇನಲ್ಲ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಅದನ್ನು ಪ್ರತ್ಯೇಕವಾಗಿ ಎತ್ತಿಕೊಂಡು ನಿರಾಕರಿಸಿದ್ದಾರೆ. ಆಚಾರ್ಯರ ಎದುರಿಗಿದ್ದ ಪ್ರಶ್ನೆ ಪರರನ್ನು ಕೊಂದು ತಿನ್ನುವ ಹಿಂಸ್ರ ಪ್ರಾಣಿಯದು; ಅದನ್ನೂ ಸಹ ಈ ಬುದ್ಧಿಯಿಂದ ಕೊಲ್ಲಬಾರದೆಂಬುದು ಅವರ ನಿಲುವು. ಸಾಂತಾ ಕ್ರೂಜ್‌ನ ಹಂದಿ ಆ ಪ್ರಶ್ನೆಯೊಳಗೂ ಬರುವುದಿಲ್ಲ. ಅದು ನರಿಯ ಹಂತಕನಲ್ಲ. ಜನ್ನನ ‘ಯಶೋಧರ ಚರಿತೆ’ಯನ್ನು ಬಲ್ಲ ಮನೆಗಳಲ್ಲಿ ಸಂಕಲ್ಪದ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ, ಭವಭವಾಂತರಗಳ ದುಃಖ ತಂದದ್ದು ಕೊಲ್ಲುವ ಭಾವ. ನರಿಯನ್ನು ಉಳಿಸುವ ಸದುದ್ದೇಶ ದೊಡ್ಡದಿರಬಹುದು. ಆದರೆ ಪ್ರತಿಯೊಂದು ಹಂದಿಯ ಎದುರು ಬಂದೂಕು ಎತ್ತಿದಾಗ ಅಲ್ಲಿದ್ದದ್ದು ಆ ಹಂದಿಯನ್ನು ಕೊಲ್ಲುವ ಸಂಕಲ್ಪವೇ. ಅದು 5,036 ಸಲ ನಡೆಯಿತು.

ಇಷ್ಟು ಹೇಳಿ ಕೈತೊಳೆದುಕೊಳ್ಳುವುದೂ ಪ್ರಾಮಾಣಿಕತೆಯಲ್ಲ. ಹಂದಿಗಳನ್ನು ಬಿಟ್ಟಿದ್ದರೆ ಏನಾಗುತ್ತಿತ್ತು? ಪ್ರತಿವರ್ಷ ಗರುಡಗಳನ್ನು ಹಿಡಿದು ಸಾಗಿಸುತ್ತಲೇ ಇರಬೇಕಾಗುತ್ತಿತ್ತು, ಒಂದು ವರ್ಷ ತಪ್ಪಿದರೆ ನರಿಗಳು ಮತ್ತೆ ಸಾಯುತ್ತಿದ್ದವು, ಸಸ್ಯಗಳು ಹೋಗುತ್ತಿದ್ದವು. ಏನೂ ಮಾಡದಿರುವುದಕ್ಕೂ ಫಲವಿದೆ, ಅದನ್ನು ಅಹಿಂಸೆಯೆಂದು ಕರೆದುಕೊಳ್ಳುವುದು ಆತ್ಮವಂಚನೆ. ಮನುಷ್ಯನು ತಂದಿಟ್ಟ ಗಂಟನ್ನು ಬಿಡಿಸದೆ ಕೈಕಟ್ಟಿ ಕುಳಿತವನು ನಿರ್ದೋಷಿಯಾಗಲಾರ. ವಿವಾದವಿರುವುದು ಗಂಟು ಬಿಡಿಸುವ ಬಗೆಯಲ್ಲಿ. ಆ ಬಗೆಗೆ ಅದೇ ದ್ವೀಪದ ಚರಿತ್ರೆಯಲ್ಲಿಯೇ ಒಂದು ಸಾಕ್ಷ್ಯವಿದೆ. ಸಾಂತಾ ಕ್ರೂಜ್‌ನ ಮುಕ್ಕಾಲು ಭಾಗದ ಒಡೆತನ ಒಂದು ಖಾಸಗಿ ಸಂರಕ್ಷಣಾ ಸಂಸ್ಥೆಯದು. 1980ರ ದಶಕದಲ್ಲಿ ಅದು ತನ್ನ ಭಾಗದ ಕಾಡುಪಾಲಾದ ಕುರಿಗಳನ್ನು, 37,000ಕ್ಕೂ ಮಿಕ್ಕಿ, ಗುಂಡಿಕ್ಕಿ ಕೊಲ್ಲಿಸಿತು. ಪೂರ್ವದ ತುದಿ ರಾಷ್ಟ್ರೀಯ ಉದ್ಯಾನದ ವಶಕ್ಕೆ ಬಂದ ಮೇಲೆ, 1990ರ ದಶಕದ ಕೊನೆಯಲ್ಲಿ, ಅಲ್ಲಿದ್ದ ಒಂಬತ್ತು ಸಾವಿರದಷ್ಟು ಕುರಿಗಳನ್ನು ಜೀವಂತ ಹಿಡಿದು ಮುಖ್ಯಭೂಮಿಗೆ ಸಾಗಿಸಲಾಯಿತು. ಒಂದೇ ದ್ವೀಪ, ಒಂದೇ ಪ್ರಾಣಿ, ಬೇಲಿಯ ಆಚೆ ಒಂದು ರೀತಿ, ಈಚೆ ಇನ್ನೊಂದು ರೀತಿ. ಮುಖ್ಯಭೂಮಿ ಸೇರಿದ ಕುರಿಗಳೆಲ್ಲ ದೀರ್ಘಾಯುಗಳಾದವೆಂದು ಭಾವಿಸುವುದು ಭೋಳೆತನ. ಆದರೆ ಸಾಧ್ಯವಿಲ್ಲ ಎಂಬ ಶಬ್ದವನ್ನು ಎಷ್ಟು ಜಾಗರೂಕತೆಯಿಂದ ಉಪಯೋಗಿಸಬೇಕೆಂಬುದಕ್ಕೆ ಈ ಬೇಲಿ ಸಾಕು.

ಕ್ಯಾಟಲಿನಾದ ಕಥೆ ಇದಕ್ಕೆ ಇನ್ನೊಂದು ಮುಖ. ಅಲ್ಲಿ 1999ರಲ್ಲಿ ಕಾಣಿಸಿಕೊಂಡ ಡಿಸ್ಟೆಂಪರ್ ರೋಗದಿಂದ 1,300ರಷ್ಟಿದ್ದ ನರಿಗಳು ನೂರರ ಆಸುಪಾಸಿಗೆ ಇಳಿದವು. ಪರಿಹಾರವಾಗಿ ಒದಗಿದ್ದು ಲಸಿಕೆ, ಸಂತಾನಕೇಂದ್ರ, ನಿತ್ಯದ ನಿಗಾ. ಯಾವ ಪ್ರಾಣಿಯ ಸಾಮೂಹಿಕ ವಧೆಯೂ ಬೇಕಾಗಲಿಲ್ಲ; ನರಿಗಳು ಅಲ್ಲಿಯೂ ಬೆಳೆದವು. 2016ರಲ್ಲಿ ಆ ದ್ವೀಪದ ನರಿ ಪಟ್ಟಿಯಿಂದ ಹೊರಬರದೆ, ಕಡಿಮೆ ಅಪಾಯದ ವರ್ಗಕ್ಕೆ ಇಳಿಯಿತು. ರೋಗ ಯಾವಾಗ ಬೇಕಾದರೂ ದೋಣಿಯೇರಿ ಮತ್ತೆ ಬರಬಹುದೆಂಬುದೇ ಅದಕ್ಕೆ ಕಾರಣ. ನಿಧಾನವಾದ, ಮುಗಿಯದ, ಪ್ರತಿವರ್ಷ ಹಣ ಬೇಡುವ ದಯೆಗೆ ವಿಜಯೋತ್ಸವದ ದಿನ ಗೊತ್ತುಮಾಡುವುದು ಕಷ್ಟ. ಗೋಶಾಲೆ, ಪಾಂಜರಪೋಳಗಳ ಲೆಕ್ಕ ಬರೆದವರಿಗೆ ಇದು ಹೊಸ ವಿಷಯವೇನಲ್ಲ.

ವಿಮರ್ಶೆಗೆ ಒಳಗಾದ ಪ್ರಬಂಧಗಳ ಕರ್ತೃಗಳಲ್ಲಿ ಇಬ್ಬರು ಈ ದ್ವಂದ್ವವನ್ನು ಅರಿಯದವರಲ್ಲ ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ರೋಮರ್ ಮತ್ತು ವೇಯ್ನ್ 2003ರಲ್ಲಿ ಬೇರೊಂದು ಲೇಖನವನ್ನು ಬರೆದರು. ಅದು ಸಾನ್ ಕ್ಲೆಮೆಂಟೆ ದ್ವೀಪದ್ದು. ಅಲ್ಲಿ ಕಳಿಂಗ ಜಾತಿಯ ಒಂದು ಪುಟ್ಟ ಪಕ್ಷಿ ವಿನಾಶದಂಚಿನಲ್ಲಿತ್ತು. ಅದರ ಗೂಡಿಗೆ ಹತ್ತಿ ಮೊಟ್ಟೆಮರಿಗಳನ್ನು ತಿನ್ನುವ ಪ್ರಾಣಿಗಳಲ್ಲಿ ದ್ವೀಪನರಿಯೂ ಒಂದು. ದ್ವೀಪದ ಒಡೆತನವಿದ್ದ ನೌಕಾಪಡೆಯು ಪಕ್ಷಿಯ ರಕ್ಷಣೆಗಾಗಿ ನರಿಗಳನ್ನು ಹಿಡಿದು ಕೂಡಿಹಾಕಿತು, ಗೂಡಿನ ಬಳಿ ಸುಳಿದರೆ ಆಘಾತ ನೀಡುವ ಕೊರಳಪಟ್ಟಿಗಳನ್ನು ಕಟ್ಟಿತು, ಕೆಲವನ್ನು ದ್ವೀಪದಿಂದಲೇ ತೆಗೆದುಹಾಕಿತು. ಉತ್ತರದ ದ್ವೀಪಗಳಲ್ಲಿ ಯಾವ ನರಿಯ ಹೆಸರಿನಲ್ಲಿ ಹಂದಿಗಳ ವಧೆ ನಡೆಯಲಿತ್ತೋ ಅದೇ ನರಿ ಇಲ್ಲಿ ಹಂದಿಯ ಸ್ಥಾನದಲ್ಲಿ ನಿಂತಿತ್ತು. ಇಬ್ಬರು ವಿದ್ವಾಂಸರೂ ಇದನ್ನು ಸಂಕಟದಿಂದಲೇ ಬರೆದು, ನರಿಯ ಪರವಾಗಿ ವಾದಿಸಿದರು. ಆ ಸಂಕಟದ ಒಂದು ಪಾಲು ಸಾಂತಾ ಕ್ರೂಜ್‌ನ ಹಂದಿಗೂ ದೊರೆತಿದ್ದರೆ 2003ರ ಇನ್ನೊಂದು ಪ್ರಬಂಧದ ಸ್ವರವೇ ಬೇರೆಯಾಗುತ್ತಿತ್ತು.

ಜೀವದಯಾ ನಿಧಿಯುಳ್ಳ ಬಸದಿಗಳ ಟ್ರಸ್ಟುಗಳಿಗೆ ವನ್ಯರಕ್ಷಣೆಯ ಹೆಸರಿನಲ್ಲಿ ಮನವಿಗಳು ಬಂದಾಗ, ಉಳಿಯುವ ಪ್ರಾಣಿ ಯಾವುದೆಂಬುದನ್ನು ಮನವಿಯೇ ಹೇಳುತ್ತದೆ, ಚಿತ್ರವನ್ನೂ ಅಚ್ಚು ಹಾಕಿರುತ್ತದೆ. ಅಳಿಯುವ ಪ್ರಾಣಿ ಯಾವುದೆಂದು ಕೇಳಿ ತಿಳಿಯುವ ಹೊಣೆ ಸಹಿ ಹಾಕುವವರದು. ಅಂತಹ ಪ್ರಶ್ನೆಗೆ ಬಹಿರಂಗವಾಗಿ ಉತ್ತರಿಸಬೇಕಾಗಿ ಬಂದಾಗ ಯೋಜನೆಗಳು ಬದಲಾಗುವುದೂ ಉಂಟು. 2023ರಲ್ಲಿ ಕ್ಯಾಟಲಿನಾ ದ್ವೀಪದ ಸಂರಕ್ಷಣಾ ಸಂಸ್ಥೆಯು, ಹಿಂದಿನ ಶತಮಾನದಲ್ಲಿ ಬೇಟೆಯ ವಿನೋದಕ್ಕಾಗಿ ತಂದುಬಿಟ್ಟಿದ್ದ ಜಿಂಕೆಗಳ ಸಂತತಿಯನ್ನು, ಸುಮಾರು ಎರಡು ಸಾವಿರವನ್ನು, ಹೆಲಿಕಾಪ್ಟರಿನಿಂದ ಗುಂಡಿಕ್ಕಿ ನಿರ್ಮೂಲ ಮಾಡುವ ಯೋಜನೆಯನ್ನು ಪ್ರಕಟಿಸಿತು. ದ್ವೀಪವಾಸಿಗಳು ಸಾವಿರಾರು ಸಹಿಗಳೊಡನೆ ವಿರೋಧಿಸಿದರು. 2024ರಲ್ಲಿ ಹೆಲಿಕಾಪ್ಟರಿನ ಮಾತನ್ನು ಸಂಸ್ಥೆ ಕೈಬಿಟ್ಟಿತು. ಜಿಂಕೆಗಳನ್ನು ತೆಗೆಯುವ ಉದ್ದೇಶವನ್ನು ಬಿಡಲಿಲ್ಲ. ಆ ದ್ವೀಪದ ನರಿಗಳನ್ನು ಒಂದೊಂದಾಗಿ ಹಿಡಿದು, ತೂಗಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲಿಯೇ ಬಿಡುವ ಕೆಲಸ ನಡೆಸಿಕೊಂಡು ಬಂದಿರುವುದೂ ಅದೇ ಸಂಸ್ಥೆ.